ಪರದೆಯ ಈಚೆ

ಕತ್ತಿನ ಹತ್ತಿರದ ಗುಂಡಿಗೆ ಬಂದಾಗ ರೊವೆನಾಳ ಬೆರಳುಗಳು ನಿಂತವು. ಸಮವಸ್ತ್ರದ ಉಳಿದ ಗುಂಡಿಗಳನ್ನು ಅವು ತಮ್ಮ ಪಾಡಿಗೆ ತಾವು ಹಾಕಿ ಮುಗಿಸಿದ್ದವು. ಇದೊಂದು ಮಾತ್ರ ಕಾಜಕ್ಕೆ ಸಿಗದೆ ಜಾರುತ್ತಿತ್ತು. ಕೆಳಗಿನ ಬೇಕರಿಯಿಂದ ಬಿಸಿ ಬನ್ನಿನ ವಾಸನೆ ನೆಲದ ಹಲಗೆಗಳ ಸಂದಿಯಲ್ಲಿ ಏರಿ ಬರುತ್ತಿತ್ತು. ಕನ್ನಡಿಯೊಳಗಿದ್ದವಳು ನಲವತ್ತು ದಾಟಿದ ಹೆಂಗಸು. ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದಳು. ಯಾರಾದರೂ ದಾರಿ ಕೇಳಿದರೆ ತಡವರಿಸದೆ ಹೇಳುವವಳ ಹಾಗಿದ್ದಳು. ಇವತ್ತು ಕೋರ್ಟಿನಲ್ಲಿ ಅವಳ ಸಾಕ್ಷಿ. ಹೊಸದಾಗಿ ಹೇಳಬೇಕಾದ್ದೇನೂ ಇರಲಿಲ್ಲ. ಎಂಟು ತಿಂಗಳ ಹಿಂದೆ ಅವಳೇ ಸಹಿ ಹಾಕಿದ ಹೇಳಿಕೆಯಲ್ಲಿ ಎಲ್ಲ ಇತ್ತು: ಶೋಧ ನಡೆಯುವಾಗ ಮನೆಯ ಯಜಮಾನಿ ಪೂರಿಂಗ್ ಅಜ್ಜಿ ಹಾಜರಿದ್ದಳು, ಅವಳ ಕಣ್ಣೆದುರಿಗೇ ಅಕ್ಕಿಯ ಡಬ್ಬದಿಂದ ಗಿಡ್ಡ ಕೋವಿಯನ್ನು ಹೊರತೆಗೆದರು. ಬೆಳಗಿನಿಂದ ಈ ಮಾತನ್ನು ಎಷ್ಟು ಸಲ ಒಳಗೊಳಗೇ ಹೇಳಿಕೊಂಡರೂ ‘ಕಣ್ಣೆದುರಿಗೇ’ ಎನ್ನುವಲ್ಲಿ ನಾಲಿಗೆ ತೊಡರುತ್ತಿತ್ತು. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು ಎನ್ನುವುದು ಬೇರೆ ಮಾತು.

ಬೀದಿಯಲ್ಲಿ ಹಾರ್ನ್ ಆಯಿತು. ಲುಯಾಗಾನ್ ಠಾಣೆಯ ವ್ಯಾನಿನ ಸ್ಟೀರಿಂಗಿನ ಮುಂದೆ ಸಾರ್ಜೆಂಟ್ ಹೆರ್ನಾನಿ ದೂಮಾ ಕೂತಿದ್ದ. ತನ್ನ ಪಕ್ಕದ ಸೀಟಿನ ಮೇಲಿದ್ದ ಟೋಪಿಯನ್ನು ಎತ್ತಿ ಅವಳಿಗೆ ಜಾಗ ಮಾಡಿದ. ಹಿಂದಿನ ಸೀಟಿನಲ್ಲಿ ಇಬ್ಬರು ಪೇದೆಗಳು ತಮ್ಮ ಫೋನುಗಳಲ್ಲಿ ಮುಳುಗಿದ್ದರು. ಸಂತೆಯ ಹತ್ತಿರ ವ್ಯಾನು ನಿಲ್ಲಿಸಿ ಹೆರ್ನಾನಿ ಎಲ್ಲರಿಗೂ ಬಾಚೊಯ್ ಹೇಳಿದ. ಬಟ್ಟಲಲ್ಲಿ ಶಾವಿಗೆ, ಮೇಲೆ ಹಂದಿಯ ಈಲಿಯ ಚೂರು, ಅದರ ಮೇಲೆ ಕುದಿಯುವ ಸಾರು. ರೊವೆನಾಳ ಬಟ್ಟಲಿನಲ್ಲಿ ಎಣ್ಣೆಯ ಹನಿಗಳು ಒಂದನ್ನೊಂದು ಹುಡುಕಿ ಕೂಡಿಕೊಳ್ಳುತ್ತಿದ್ದವು.

"ತಿನ್ನು ಇಂದಾಯ್. ಖಾಲಿ ಹೊಟ್ಟೇಲಿ ಕಟಕಟೆ ಹತ್ತಿದ್ರೆ ಬಾಯಿ ಒಣಗುತ್ತೆ."

"ಹಸಿವಿಲ್ಲ ಸರ್."

"ಬಾಚೊಯ್ ತಿನ್ನೋಕೆ ಹಸಿವು ಯಾಕೆ ಬೇಕು?"

ಅವಳು ಠಾಣೆಗೆ ಬಂದ ದಿನದಿಂದ ಹೆರ್ನಾನಿ ಅವಳನ್ನು ಇಂದಾಯ್ ಎಂದೇ ಕರೆಯುತ್ತಿದ್ದ, ಮನೆಯ ತಂಗಿಯನ್ನು ಕರೆಯುವ ಹಾಗೆ. ಅಮ್ಮ ಸಾಯುವ ಹೊತ್ತಿಗೆ ಇದೇ ವ್ಯಾನಿನಲ್ಲಿ, ಇದೇ ಸ್ಟೀರಿಂಗ್ ಹಿಡಿದು, ಆಸ್ಪತ್ರೆಯವರೆಗೂ ಒಂದು ಮಾತೂ ಆಡದೆ ಓಡಿಸಿದವನು ಅವನು. ಹೆಣವನ್ನು ಮನೆಯಲ್ಲಿಟ್ಟುಕೊಂಡು ಜಾಗರಣೆ ಕೂತಾಗ ನೆಂಟರೆಲ್ಲ ಒಬ್ಬೊಬ್ಬರಾಗಿ ಎದ್ದುಹೋದ ಮೇಲೂ ಅಂಥ ರಾತ್ರಿಗಳ ವಾಡಿಕೆಯಂತೆ ಇಸ್ಪೀಟು ಕಲೆಸುತ್ತ ಕೂತೇ ಇದ್ದ. ಆಡಲು ಯಾರೂ ಉಳಿಯದಾಗ ಅವಳಿಗೇ ಎಲೆ ಹಂಚಿದ್ದ. ಅವತ್ತು ಅಮ್ಮನ ಶವದ ಪಕ್ಕದಲ್ಲಿ ಕೂತು ಅವಳು ಎರಡು ಆಟ ಗೆದ್ದಳು. ಸೋತುಕೊಟ್ಟನೋ ಏನೋ, ಕೇಳಲಿಲ್ಲ. ಈಗ ಅವನ ಮೀಸೆಯ ಮೇಲೆ ಕೂತಿದ್ದ ಸಾರಿನ ಹನಿಯನ್ನು ನೋಡುತ್ತ, ಇವನ ಮೇಲೆ ಸಿಟ್ಟು ಬರಬಾರದೇ, ಬಂದಿದ್ದರೆ ಎಷ್ಟು ಸುಲಭವಾಗಿತ್ತು ಎನ್ನಿಸಿತು.

"ಕೋವಿ ತೆಗೆದಾಗ ನಾನು ನೋಡ್ಲಿಲ್ಲ ಸರ್. ನೀವು ಕರೆದ ಮೇಲೆ ನೋಡಿದ್ದು."

ಹೆರ್ನಾನಿ ಬಟ್ಟಲು ಎತ್ತಿ ಉಳಿದ ಸಾರನ್ನು ಕುಡಿದ. "ಅಜ್ಜಿ ಮೊಮ್ಮಗ ಆ ಜೋಮರ್, ಮೀನಿನ ದಲ್ಲಾಳಿಯ ಕಾಲಿಗೆ ಗುಂಡು ಹೊಡೆದದ್ದು ನಿಂಗೂ ಗೊತ್ತು, ಊರಿಗೂ ಗೊತ್ತು. ಹೊಡೆಸಿಕೊಂಡವನೇ ಬಾಯಿ ಬಿಡ್ಲಿಲ್ಲ, ಕಲ್ಲು ಎಡವಿ ಬಿದ್ದೆ ಅಂದ. ನಮಗೆ ಅಂತ ಉಳಿದಿರೋದು ಆ ಕೋವಿ ಒಂದೇ."

"ಗೊತ್ತು ಸರ್."

"ನಾನು ನೋಡಿದೆನಲ್ಲ. ನಾನು ನೋಡಿದ್ದು ಸಾಲದಾ ನಿಂಗೆ?"

ಆ ಮಾತಿನಲ್ಲಿ ಗದರಿಕೆ ಇರಲಿಲ್ಲ. ನಿಜವಾಗಿ ಕೇಳುತ್ತಿದ್ದ. ಅವಳು ಒಂದು ಚಮಚ ಸಾರು ಬಾಯಿಗಿಟ್ಟುಕೊಂಡಳು.

ಕೋರ್ಟಿದ್ದ ಪಟ್ಟಣಕ್ಕೆ ರಸ್ತೆ ಸಮುದ್ರದ ಅಂಚಿನಲ್ಲೇ ಸಾಗುತ್ತಿತ್ತು. ಬಿದಿರಿನ ತಟ್ಟೆಗಳ ಮೇಲೆ ಒಣಹಾಕಿದ ಮೀನು ಬೆಳ್ಳಿಯಂತೆ ಹೊಳೆದು ಹಿಂದೆ ಸರಿಯುತ್ತಿತ್ತು. ಅವತ್ತೂ ಹೀಗೇ ಬಿಸಿಲು ಏರುವ ಮುಂಚೆ ಇದೇ ವಾಸನೆಯ ನಡುವೆ ಅವರು ಪೂರಿಂಗ್ ಅಜ್ಜಿಯ ಮನೆ ಮುಂದೆ ಇಳಿದಿದ್ದರು. ಎಲ್ಲವೂ ಕಾನೂನಿನ ಪ್ರಕಾರವೇ ಶುರುವಾಗಿತ್ತು. ನ್ಯಾಯಾಧೀಶರ ಸಹಿಯಿದ್ದ ವಾರಂಟು ಕೈಯಲ್ಲಿತ್ತು. ಹೆರ್ನಾನಿ ಬಾಗಿಲು ಬಡಿದ, ಯಾರೆಂದು ಹೇಳಿದ, ವಾರಂಟನ್ನು ಗಟ್ಟಿಯಾಗಿ ಓದಿದ. ಎದೆಗೆ ಕ್ಯಾಮೆರಾ ಸಿಕ್ಕಿಸಿಕೊಂಡು ಹೋಗುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ಮೊಮ್ಮಗ ಜೋಮರನನ್ನು ಹೊರಗೆ ಬೋರ್‌ವೆಲ್ ಪಂಪಿನ ಹತ್ತಿರ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ತರಬೇತಿ ಶಾಲೆಯಲ್ಲಿ ಕಾನೂನು ಹೇಳಿಕೊಡುತ್ತಿದ್ದ ವಯಸ್ಸಾದ ಮೇಜರ್ ಸೀಮೆಸುಣ್ಣದಿಂದ ನೆಲದ ಮೇಲೊಂದು ಗೆರೆ ಎಳೆದು ಅದನ್ನು ಹೊಸ್ತಿಲು ಎನ್ನುತ್ತಿದ್ದ. ‘ಇದನ್ನು ದಾಟೋಕೆ ನ್ಯಾಯಾಧೀಶರ ಕಾಗದ ಬೇಕು. ಕಾಗದದಲ್ಲಿ ಏನನ್ನ ಹುಡುಕು ಅಂತಿದೆಯೋ ಅಷ್ಟೇ ಹುಡುಕಬೇಕು. ಕೋವಿ ಹುಡುಕೋಕೆ ಹೋದವನು ಸೂಜಿ ಡಬ್ಬಿ ಬಿಚ್ಚಿದ್ರೆ ಕಳ್ಳ ಅವನೇ.’ ಎಲ್ಲರೂ ನಗುತ್ತಿದ್ದರು, ಅವನು ನಗುತ್ತಿರಲಿಲ್ಲ. ‘ಮನೆಯವರ ಎದುರಿಗೇ ಹುಡುಕಬೇಕು. ಅವರಿಲ್ಲದಿದ್ರೆ ನೆರೆಯ ಇಬ್ಬರನ್ನ ಕರೆದು ನಿಲ್ಲಿಸಿಕೊಳ್ಳಬೇಕು. ಯಾಕೆ? ನಿಮ್ಮನ್ನ ನಂಬಲ್ಲ ಅಂತಲ್ಲ. ನಿಮಗೆ ನೀವೇ ಸಾಕ್ಷಿ ಆಗೋಕೆ ಬರಲ್ಲ ಅಂತ.’ ಆ ಗೆರೆಯನ್ನು ದಾಟಿ ಹೊರಗೆ ಹೋಗುವಾಗ ಎಲ್ಲರ ಬೂಟಿಗೂ ಸುಣ್ಣ ಅಂಟುತ್ತಿತ್ತು.

ಅವತ್ತು ಅಜ್ಜಿಯ ಮನೆಯಲ್ಲಿ ಹೆರ್ನಾನಿ ಹೇಳಿದ್ದು ಇಷ್ಟೇ: "ಅಜ್ಜೀನ ಒಳಗೆ ಕರ್ಕೊಂಡು ಹೋಗಿ ಮೈ ತಡವಿ ನೋಡು. ನಾನು ಕರೆಯೋವರೆಗೆ ಅಲ್ಲೇ ಇರಿ." ಹಿಂದಿನ ಕೋಣೆಗೆ ಬಾಗಿಲಿರಲಿಲ್ಲ, ದೊಡ್ಡ ಹೂವುಗಳ ಒಂದು ಪರದೆ ಇತ್ತು. ಒಳಗೆ ನೋವಿನೆಣ್ಣೆಯ ವಾಸನೆ, ಒಂದು ಮಂಚ, ಗೋಡೆಯ ಮೇಲೆ ಬಾಲ ಯೇಸು. ರೊವೆನಾ ಅಜ್ಜಿಯ ಮೈಯನ್ನು ಬಟ್ಟೆಯ ಮೇಲಿಂದಲೇ ತಡವಿದಳು. ಮೂಳೆ ಬಿಟ್ಟು ಏನೂ ಸಿಗಲಿಲ್ಲ. ಅಲ್ಲಿಗೆ ಕೆಲಸ ಮುಗಿಯಿತು. ಆಚೆ ಕಪಾಟು ಎಳೆಯುವ ಸದ್ದು. ಹೆರ್ನಾನಿ ಕರೆಯಲಿಲ್ಲ. ಪೊರೆ ಬಂದ ಕಣ್ಣುಗಳನ್ನು ಇವಳ ಮುಖದ ಕಡೆ ತಿರುಗಿಸಿ ಅಜ್ಜಿ ಕಾದು ನಿಂತಿದ್ದಳು. ಮುಂದೇನು ಎಂದು ಕೇಳುವ ನಿಲುವು. ಏನಾದರೂ ಮಾಡದೆ ಆ ಮುಖದ ಎದುರಿಗೆ ಸುಮ್ಮನೆ ನಿಲ್ಲುವುದು ರೊವೆನಾಳಿಂದ ಆಗಲಿಲ್ಲ. ಸುಮ್ಮನೆ ನಿಂತರೆ ತಾನು ಅಜ್ಜಿಯನ್ನು ಕೂಡಿಹಾಕಿಕೊಂಡಿದ್ದೇನೆ ಎಂದು ಇಬ್ಬರಿಗೂ ಗೊತ್ತಾಗಿಬಿಡುತ್ತಿತ್ತು. ಕೆಲಸವಿದ್ದರೆ ಅದು ಕೆಲಸ. ಅದಕ್ಕೇ ಹೇಳಿದಳು, "ಅಜ್ಜಿ, ಮೇಲಂಗಿ ತೆಗೀರಿ."

ಅಜ್ಜಿ ತೆಗೆದಳು. ಮಡಚಿ ಮಂಚದ ಮೇಲಿಟ್ಟಳು. "ಇದೂನಾ ಇಂದಾಯ್?" ಎಂದು ಲಂಗದ ದಾರ ಹಿಡಿದು ಕೇಳಿದಳು. ಆಚೆ ಇನ್ನೂ ಕರೆಯಲಿಲ್ಲ. "ಅದೂನೂ," ಎಂದಳು ರೊವೆನಾ. ಆ ದನಿಯನ್ನು ಅವಳು ಆಮೇಲೆ ಎಷ್ಟೋ ಸಲ ಕೇಳಿಸಿಕೊಂಡಿದ್ದಾಳೆ: ಆಸ್ಪತ್ರೆಯ ನರ್ಸುಗಳ ದನಿಯ ಹಾಗೆ, ಮೃದುವಾಗಿ, ಆಚೀಚೆ ಆಗದಂತಿದ್ದ ದನಿ. "ಬಾಗಿಲಲ್ಲಿ ಯಾರಾದ್ರೂ ಇದ್ದಾರಾ? ನಂಗೆ ಕಾಣಲ್ಲ," ಎಂದಳು ಅಜ್ಜಿ. "ಯಾರೂ ಇಲ್ಲ." ಆಮೇಲೆ ಪರದೆಯ ಆಚೆ ನೆಲದ ಮೇಲೆ ಸರಸರನೆ ಏನೋ ಸುರಿದ ಸದ್ದಾಯಿತು. ಅಜ್ಜಿಯ ಬರಿಮೈ ಅಲ್ಲಿಯವರೆಗೂ ಅಲುಗಿರಲಿಲ್ಲ. ಈಗ ಒಂದು ಸಲ ನಡುಗಿತು. "ಅಕ್ಕಿ ಚೆಲ್ತಿದ್ದಾರೆ," ಎಂದಳು. ಹೆರ್ನಾನಿ ಅಲ್ಲಿಂದ, "ಸಿಕ್ತು, ಬನ್ನಿ," ಎಂದ. ನೆರೆಯ ಇಬ್ಬರು ಬಂದದ್ದು ಅದಾದ ಮೇಲೆ. ಮೇಜಿನ ಮೇಲಿಟ್ಟಿದ್ದ ನಾಡಕೋವಿಯನ್ನು ನೋಡಿ ಸಹಿ ಹಾಕಿ ಹೋದರು.

ಕೋವಿ ಡಬ್ಬದಲ್ಲಿ ಇತ್ತೋ, ಡಬ್ಬಕ್ಕೆ ಬಂತೋ. ಹೆರ್ನಾನಿ ಅಂಥವನಲ್ಲ ಎಂದು ಅವಳು ಯಾರ ಮುಂದೆ ಬೇಕಾದರೂ ಹೇಳಬಲ್ಲಳು. ಹೇಳಬಲ್ಲಳು, ಆದರೆ ನೋಡಿರಲಿಲ್ಲ.

ಕೋರ್ಟಿನ ಪಡಸಾಲೆಯ ಬೆಂಚಿನ ತುದಿಯಲ್ಲಿ ಪೂರಿಂಗ್ ಅಜ್ಜಿ ಕೂತಿದ್ದಳು. ಅವಳೂ ಸಾಕ್ಷಿಯಾದ್ದರಿಂದ ಬೇರೆಯವರ ಸಾಕ್ಷಿ ನಡೆಯುವಾಗ ಒಳಗೆ ಇರುವಂತಿರಲಿಲ್ಲ. ಇಸ್ತ್ರಿ ಮಾಡಿದ ಚರ್ಚಿನ ಉಡುಪು, ಮಡಿಲಲ್ಲಿ ಬಾಳೆಯೆಲೆಯಲ್ಲಿ ಕಟ್ಟಿದ ಅನ್ನ, ಮೊಮ್ಮಗನಿಗೆ ಇರಬೇಕು. ಪೊಲೀಸರು ಬೂಟಿನ ಸದ್ದು ಮಾಡುತ್ತ ಮುಂದಿನಿಂದ ಹಾದುಹೋದರು. ರೊವೆನಾ ಮಾತ್ರ ತನಗೇ ಅರಿವಿಲ್ಲದೆ ತುದಿಗಾಲಲ್ಲಿ ನಡೆದಳು.

ಅಂದಿನ ಕಲಾಪ ಎಂದಿನಂತೆ ಇಂಗ್ಲಿಷಿನಲ್ಲಿ, ಎಂದಿನಂತೆ ಆಕಳಿಕೆಗಳ ನಡುವೆ ನಡೆಯಿತು. ಸರ್ಕಾರಿ ವಕೀಲೆ ಕೇಳಿದ್ದಕ್ಕೆ ರೊವೆನಾ ಹೇಳಿಕೆಯಲ್ಲಿದ್ದ ಹಾಗೆಯೇ ಹೆಸರು, ತಾರೀಕು, ಮನೆಯ ಗುರುತು ಹೇಳಿದಳು. ಆಮೇಲೆ ಆರೋಪಿಯ ಪರ ಸಾಲ್ಮೊರಿನ್ ಎದ್ದ. ಬಡವರಿಗಾಗಿ ಸರ್ಕಾರ ನೇಮಿಸಿದ ವಕೀಲ ಅವನು. ಅಂಗಿಯ ತೋಳಿನ ತುದಿ ಸವೆದಿತ್ತು, ಕೈಯಲ್ಲಿ ಇನ್ನೂ ಐದಾರು ಕಡತಗಳಿದ್ದವು. ಮುಂದಿನ ಹಾಳೆ ತಿರುವುತ್ತಲೇ, ಎಷ್ಟೋ ಪೊಲೀಸರಿಗೆ ಹಾಕಿ ಒಂದೇ ಉತ್ತರ ಪಡೆದಿದ್ದ ಪ್ರಶ್ನೆಯನ್ನು ಅವಳಿಗೂ ಹಾಕಿದ.

"ಡಬ್ಬದಿಂದ ಬಂದೂಕನ್ನು ಹೊರತೆಗೆದಾಗ ಮನೆಯ ಯಜಮಾನಿ ಎಲ್ಲಿದ್ದರು?"

ತನ್ನ ಸಾಕ್ಷಿಯನ್ನು ಹಿಂದಿನ ವಾಯಿದೆಯಲ್ಲೇ ಮುಗಿಸಿದ್ದ ಹೆರ್ನಾನಿ ಎದುರು ಬೆಂಚಿನಲ್ಲಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ಅವನು ಅವಳ ಕಡೆ ನೋಡುತ್ತಿರಲಿಲ್ಲ. ಅಷ್ಟು ನಂಬಿಕೆ. ಅವಳು ಬಾಯಿ ತೆರೆದಳು. ನ್ಯಾಯಾಧೀಶರು ತಲೆಯೆತ್ತಿದರು. ಧೈರ್ಯವೆಂಬುದೇನೂ ಆಗ ಅವಳೊಳಗೆ ಏಳಲಿಲ್ಲ. ಬಾಯಿಪಾಠದ ಆ ವಾಕ್ಯ ಎಲ್ಲಿಟ್ಟಿದ್ದೆನೋ ಅಲ್ಲಿ ಇಲ್ಲವಲ್ಲ ಎಂಬ ಗಾಬರಿ ಮಾತ್ರ ಇತ್ತು. ಅದಿದ್ದ ಜಾಗದಲ್ಲಿ ಬೇರೆಯದು ಇತ್ತು.

"ಹಿಂದಿನ ಕೋಣೆಯಲ್ಲಿ. ನನ್ನೊಂದಿಗೆ."

ಸಾಲ್ಮೊರಿನ್ ಹಾಳೆ ತಿರುವುವುದನ್ನು ನಿಲ್ಲಿಸಿದ. ತಪ್ಪು ಕೇಳಿಸಿತೇನೋ ಎಂಬಂತೆ ಮತ್ತೆ ಕೇಳಿದ. ಅವಳು ಮತ್ತೆ ಹೇಳಿದಳು.

"ಎರಡು ಕೋಣೆಗಳ ನಡುವೆ ಏನಿತ್ತು?"

"ಪರದೆ."

"ಆಕೆ ಪರದೆ ಸರಿಸಿ ನೋಡಬಹುದಿತ್ತಲ್ಲವೇ?"

"ಸಾಧ್ಯವಿರಲಿಲ್ಲ. ಆಕೆ ವಿವಸ್ತ್ರರಾಗಿದ್ದರು."

"ಯಾರ ಆದೇಶದಿಂದ?"

ಇಲ್ಲಿ ಅವಳು ಹೆರ್ನಾನಿಯತ್ತ ಬೆರಳು ತೋರಿಸಬಹುದಿತ್ತು. ತೋರಿಸಿದ್ದರೆ ಅದು ಅರ್ಧ ನಿಜವಾದರೂ ಆಗುತ್ತಿತ್ತು. "ನನ್ನ ಆದೇಶದಿಂದ," ಎಂದಳು. "ಅದರ ಅಗತ್ಯವಿರಲಿಲ್ಲ. ವಾರಂಟಿನಲ್ಲೂ ಅದು ಇರಲಿಲ್ಲ."

ನ್ಯಾಯಾಧೀಶರು ಕನ್ನಡಕ ತೆಗೆದರು. ಸಹಿ ಮಾಡಿದ ಹೇಳಿಕೆಯಲ್ಲಿ ಬೇರೆಯೇ ಇದೆ, ಅದರ ಪರಿಣಾಮ ತಿಳಿದಿದೆಯೇ ಎಂದು ಕೇಳಿದರು. ತಿಳಿದಿದೆ ಎಂದಳು. ಇಂಗ್ಲಿಷಿನಲ್ಲಿ ಹೇಳುವುದು ಕಷ್ಟವಾಗಲಿಲ್ಲ. ಆ ಭಾಷೆಯಲ್ಲಿ ಮನೆಯ ಯಜಮಾನಿ ಎಂದರೆ ಮನೆಯ ಯಜಮಾನಿ, ವಿವಸ್ತ್ರ ಎಂದರೆ ಕಾನೂನಿನ ಒಂದು ಸ್ಥಿತಿ. ಆದರೆ ದುಭಾಷಿ ಆರೋಪಿಯ ಕಿವಿಯ ಹತ್ತಿರ ಬಗ್ಗಿ ತಮ್ಮ ಊರಿನ ಮಾತಿನಲ್ಲಿ ಹೇಳುತ್ತಿದ್ದ. ಸದ್ದಿಲ್ಲದ ಕೋಣೆಯಲ್ಲಿ ಅದು ಎಲ್ಲರಿಗೂ ಕೇಳಿಸಿತು. "ನಿಮ್ಮಜ್ಜೀನ ಒಳಗೆ ಇಟ್ಕೊಂಡಿದ್ರಂತೆ. ಮೈಮೇಲಿನ ಬಟ್ಟೆ ಎಲ್ಲ ಬಿಚ್ಚಿಸಿ ನಿಲ್ಲಿಸಿದ್ರಂತೆ. ಬಿಚ್ಚಿಸಿದ್ದು ಈಯಮ್ಮನೇ ಅಂತೆ." ಆ ಮಾತುಗಳು ಕಿವಿಗೆ ಬಿದ್ದಾಗ ರೊವೆನಾಗೆ ಮೊದಲ ಸಲ ಬೇರೆ ಯಾರೋ ಮಾಡಿದ್ದನ್ನು ಕೇಳಿದಂತೆ ಹೇಸಿಗೆಯಾಯಿತು. ಜೈಲಿನ ಹಳದಿ ಬನಿಯನ್ ತೊಟ್ಟಿದ್ದ ಜೋಮರ್ ಅಷ್ಟು ಹೊತ್ತೂ ಸೊಕ್ಕಿನಿಂದ ಕಾಲು ಚಾಚಿ ಕೂತಿದ್ದವನು ಕಾಲುಗಳನ್ನು ಒಳಗೆ ಎಳೆದುಕೊಂಡ. ತಲೆ ಬಗ್ಗಿಸಿದವನು ಮತ್ತೆ ಎತ್ತಲಿಲ್ಲ. ಅವನು ಒಳ್ಳೆಯವನೇನಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಬಗ್ಗಿದ ಕತ್ತನ್ನು ನೋಡುವುದಕ್ಕೆ ಅದರಿಂದ ಏನೂ ಸಹಾಯವಾಗಲಿಲ್ಲ.

ಪಡಸಾಲೆಯ ತಿರುವಿನಲ್ಲಿ ಹೆರ್ನಾನಿ ಕಾದಿದ್ದ.

"ಬೆಳಿಗ್ಗೆನೇ ಹೇಳಬಹುದಿತ್ತು ನೀನು."

"ಬೆಳಿಗ್ಗೆ ನಂಗೂ ಗೊತ್ತಿರ್ಲಿಲ್ಲ ಸರ್."

"ಅದು ಅವನದೇ ಕೋವಿ. ನಾನು ಇಟ್ಟದ್ದಲ್ಲ. ಅಷ್ಟಾದ್ರೂ ನಂಬ್ತೀಯಾ?"

ನಂಬುತ್ತೇನೆ ಎನ್ನಬೇಕಿತ್ತು. ಅದು ನಿಜವೂ ಆಗಿತ್ತು. ಆದರೆ ಅವತ್ತಿನ ಮಟ್ಟಿಗೆ ನೋಡದ್ದನ್ನು ನೋಡಿದೆ ಎನ್ನುವ ಶಕ್ತಿಯೇ ಅವಳ ನಾಲಿಗೆಯಿಂದ ಹೋಗಿಬಿಟ್ಟಿತ್ತು. ಹೆರ್ನಾನಿ ಟೋಪಿ ಹಾಕಿಕೊಂಡ. "ಸರಿ ಕಾರ್ಪೊರಲ್," ಎಂದ. ಬಂದ ದಿನದಿಂದ ಅವನು ಅವಳನ್ನು ಹುದ್ದೆಯಿಂದ ಕರೆದಿರಲಿಲ್ಲ.

ರೊವೆನಾ ಮುಖ ತೊಳೆದುಕೊಂಡು ಹೊರಗೆ ಬಂದಾಗ ವ್ಯಾನು ನಿಂತಿದ್ದ ಜಾಗದಲ್ಲಿ ಎಣ್ಣೆಯ ಒಂದು ಕಲೆ ಇತ್ತು. ಬಿಟ್ಟುಹೋದರೋ, ಮರೆತುಹೋದರೋ. ಎಷ್ಟೋ ಹೊತ್ತು ಅವಳು ಅಲ್ಲೇ ಮರದ ಕೆಳಗೆ, ಯಾರನ್ನೋ ಕಾಯುತ್ತಿರುವವಳಂತೆ ಗಡಿಯಾರ ನೋಡಿಕೊಳ್ಳುತ್ತ ನಿಂತಳು. ಮುಂದೆ ಮಳೆಗಾಲ ಕಳೆದ ಮೇಲೆ ಆ ಪ್ರಕರಣ ಬಿದ್ದುಹೋಯಿತು. ಮನೆಯವರಿಗೆ ಕಾಣದಂತೆ ನಡೆಸಿದ ಶೋಧದಲ್ಲಿ ಸಿಕ್ಕಿದ್ದನ್ನು ಸಾಕ್ಷ್ಯವೆಂದು ಒಪ್ಪಲಾಗದು ಎಂದು ತೀರ್ಪಾಯಿತು. ಹೆರ್ನಾನಿಯ ಮೇಲೂ ಅವಳ ಮೇಲೂ ವಿಚಾರಣೆ ಕೂತಿತು. ಅವನು ಬೇಗ ನಿವೃತ್ತಿ ತೆಗೆದುಕೊಂಡ, ಅವಳನ್ನು ಒಂದು ದ್ವೀಪದ ಹೊರಠಾಣೆಗೆ ಹಾಕಿದರು. ಕೋವಿ ಯಾರದೆಂಬುದು ಕೊನೆಗೂ ತಿಳಿಯಲಿಲ್ಲ. ಆದರೆ ಅದೆಲ್ಲ ಮುಂದಿನ ಮಾತು. ಆ ಮಧ್ಯಾಹ್ನ ಅವಳಿಗಿದ್ದ ಪ್ರಶ್ನೆ ಮನೆಗೆ ಹೋಗುವುದು ಹೇಗೆ ಎನ್ನುವುದು ಮಾತ್ರ.

ಲುಯಾಗಾನ್ ಕಡೆಗೆ ಜನರನ್ನು ತುಂಬಿಕೊಂಡು ಹೋಗುವ ಜೀಪ್ನಿ ಗಾಡಿ ಹತ್ತಿ ಉದ್ದದ ಬೆಂಚಿನಲ್ಲಿ ಕೂತಳು. ಮೊಣಕಾಲಿಗೆ ಮೊಣಕಾಲು ತಗುಲುವಷ್ಟು ಜನ ತುಂಬಿಕೊಂಡರೂ ಸಮವಸ್ತ್ರದ ಪಕ್ಕದಲ್ಲಿ ಮಾತ್ರ ಒಬ್ಬರು ಕೂರುವಷ್ಟು ಜಾಗ ಖಾಲಿ ಉಳಿಯಿತು. ಅದು ಯಾವಾಗಲೂ ಹಾಗೆಯೇ. ಇನ್ನೇನು ಹೊರಡಬೇಕೆನ್ನುವಾಗ ಬಾಗಿಲ ಬಳಿಯ ಹೆಂಗಸೊಬ್ಬಳು ಯಾರನ್ನೋ ಕೈಹಿಡಿದು ಹತ್ತಿಸಿ, "ಅಲ್ಲಿ ಜಾಗ ಇದೆ, ಹಾಗೇ ಮುಂದಕ್ಕೆ ಹೋಗಿ ಅಜ್ಜಿ," ಎಂದಳು. ಪೂರಿಂಗ್ ಅಜ್ಜಿ ಮೇಲಿನ ಸರಳು ಹಿಡಿದು, ಕೂತವರ ಭುಜಗಳನ್ನು ಒಂದೊಂದಾಗಿ ಮುಟ್ಟುತ್ತ ಬಂದು ಅವಳ ಪಕ್ಕದಲ್ಲಿ ಕೂತಳು.

"ಇದನ್ನ ಮುಂದಕ್ಕೆ ಕೊಡ್ತೀಯಾ ಮಗಳೇ? ಲುಯಾಗಾನ್‌ಗೆ ಒಂದು."

ಚಿಲ್ಲರೆ ಬೆಚ್ಚಗಿತ್ತು. ರೊವೆನಾ ಅದನ್ನು ಮಾತಿಲ್ಲದೆ ಮುಂದಿನವರಿಗೆ ಕೊಟ್ಟಳು. ಗಾಡಿ ಕುಲುಕಿದಾಗ ಅಜ್ಜಿಯ ಕೈ ಆಸರೆ ಹುಡುಕಿ ಅವಳ ಮುಂಗೈ ಹಿಡಿಯಿತು. ಹಿಡಿದದ್ದು ಅಲ್ಲೇ ಉಳಿಯಿತು.

"ಮಾತಾಡಲ್ವಾ ನೀನು? ಒಳ್ಳೇದೇ ಬಿಡು. ಆ ಕೋರ್ಟಲ್ಲಿ ಇವತ್ತು ಬರೀ ಮಾತು. ನನ್ನ ಕರೀತಾರೆ ಕರೀತಾರೆ ಅಂತ ಕೂತೆ. ಕೊನೆಗೆ ವಕೀಲ ಬಂದು, ಇವತ್ತು ನೀವು ಬೇಡ ಅಜ್ಜಿ, ಮನೆಗೆ ಹೋಗಿ ಅಂದ. ನಗ್ತಾ ಇದ್ದ. ಯಾಕೆ ಅಂತ ಹೇಳ್ಲಿಲ್ಲ." ಇನ್ನೊಂದು ಕೈಯಿಂದ ಖಾಲಿ ಮಡಿಲನ್ನು ಸವರಿಕೊಂಡಳು. "ಅನ್ನ ಮಾತ್ರ ಕೊಡೋಕೆ ಬಿಟ್ರು. ಹುಡುಗ ನನ್ನ ಕೈ ಹಿಡ್ಕೊಂಡು ಸುಮ್ನೆ ನಿಂತಿದ್ದ. ಹಾಗೆಲ್ಲ ನಿಲ್ಲೋನಲ್ಲ ಅವನು."

ಸಮುದ್ರ ಕಂಡಿತು, ಮರೆಯಾಯಿತು. ಬೇಕರಿಯ ತಿರುವು ಹತ್ತಿರ ಬರುತ್ತಿತ್ತು. ಚಾವಣಿಯನ್ನು ಎರಡು ಸಲ ತಟ್ಟಿದರೆ ಸಾಕು, ಬಾಯಿ ತೆರೆಯಬೇಕಿಲ್ಲ, ಡ್ರೈವರ್ ನಿಲ್ಲಿಸುತ್ತಾನೆ. ಎಷ್ಟೋ ಜನ ಹಾಗೆಯೇ ಇಳಿಯುತ್ತಾರೆ. ರೊವೆನಾ ಕೈ ಎತ್ತಿದಳು. ಬೆರಳ ಗೆಣ್ಣು ತಗಡಿಗೆ ತಾಗುವಷ್ಟು ಹತ್ತಿರ ಹೋಯಿತು. ಹೀಗೆ ಇಳಿದುಹೋದರೆ ಈ ಅಜ್ಜಿಯ ಪಾಲಿಗೆ ತಾನು ದಾರಿಯಲ್ಲಿ ಆಸರೆ ಕೊಟ್ಟ ಒಂದು ಒಳ್ಳೆಯ ಕೈಯಾಗಿ ಉಳಿಯುತ್ತೇನೆ ಎನ್ನಿಸಿತು. ಇವತ್ತು ಇಡೀ ದಿನದಲ್ಲಿ ತನಗೆ ಸಿಕ್ಕಿದ್ದು ಅದೊಂದೇ. ಕೈ ಕೆಳಗಿಳಿಸಿದಳು.

"ಇಲ್ಲೇ ನಿಲ್ಸಿ ಅಣ್ಣಾ."

ಆ ದನಿ ಕೇಳಿ ಮುಂಗೈಯ ಮೇಲಿದ್ದ ಬೆರಳುಗಳು ಗಟ್ಟಿಯಾದವು. ಜೀಪ್ನಿ ನಿಂತಿತು.

"ನೀನಾ," ಎಂದಳು ಅಜ್ಜಿ.

"ಹೂಂ ಅಜ್ಜಿ."

"ಒಳಗೆ ಏನು ಹೇಳ್ದೆ?"

"ಇದ್ದದ್ದು ಹೇಳ್ದೆ. ಅವರು ಹುಡುಕುವಾಗ ನೀವು ನನ್ನ ಜೊತೆ ಕೋಣೇಲಿದ್ರಿ ಅಂತ."

"ಬಟ್ಟೆ ವಿಷಯಾನೂ?"

"ಅದನ್ನೂ."

"ಜೋಮರ್ ಕೇಳಿಸ್ಕೊಂಡನಾ?"

"ಕೇಳಿಸ್ಕೊಂಡ."

ಅಜ್ಜಿ ರಸ್ತೆಯ ಬೆಳಕಿನ ಕಡೆಗೆ ಮುಖ ತಿರುಗಿಸಿದಳು. "ನಾನು ಅವನಿಗೆ ಹೇಳಿರ್ಲಿಲ್ಲ. ನೋಡೋಕೆ ಹೋದಾಗಲೆಲ್ಲ ಕೇಳ್ತಿದ್ದ, ನಿಂಗೇನೂ ಮಾಡ್ಲಿಲ್ಲ ತಾನೇ ಅಂತ. ಏನಿಲ್ಲ ಕಣೋ, ಕುರ್ಚಿ ಕೊಟ್ಟು ಕೂರಿಸಿದ್ರು ಅಂತಿದ್ದೆ."

ಎದುರಿನ ಬೆಂಚಿನವರು ಅವರಿಬ್ಬರನ್ನು ಬಿಟ್ಟು ಬೇರೆ ಎಲ್ಲವನ್ನೂ ನೋಡುತ್ತಿದ್ದರು.

"ತಪ್ಪಾಯ್ತು ಅಜ್ಜಿ."

"ಅವನನ್ನ ಬಿಡ್ತಾರಾ ಈಗ?"

"ಗೊತ್ತಿಲ್ಲ. ಬಿಡಬಹುದು."

"ಇಳೀತೀರೋ ಇಲ್ವೋ ಮೇಡಂ?" ಡ್ರೈವರ್ ಕನ್ನಡಿಯಲ್ಲಿ ನೋಡುತ್ತ ಕೇಳಿದ. "ಹಿಂದೆ ಬಸ್ಸು ನಿಂತಿದೆ."

"ಇಳಿ," ಎಂದಳು ಅಜ್ಜಿ. "ಜನ ಕಾಯ್ತಿದ್ದಾರೆ."

ಹಿಡಿದಿದ್ದ ಕೈ ಬಿಟ್ಟು, ಮೇಲಿನ ಸರಳಿಗೆ ತಡಕಾಡಿ ಅದನ್ನು ಹಿಡಿದುಕೊಂಡಳು. ಮೊಣಕಾಲುಗಳನ್ನು ಒಂದು ಬದಿಗೆ ಸರಿಸಿ ದಾರಿ ಮಾಡಿಕೊಟ್ಟಳು, ಇಳಿಯುವ ಯಾರಿಗಾದರೂ ಮಾಡಿಕೊಡುವ ಹಾಗೆ. ರೊವೆನಾ ಬಗ್ಗಿಕೊಂಡು ಆ ಮೊಣಕಾಲುಗಳಿಗೆ ತಾಗದಂತೆ ದಾಟಿ ರಸ್ತೆಗೆ ಇಳಿದಳು. ಜೀಪ್ನಿ ಹೊರಟಿತು. ಹಿಂದಿನ ಬಸ್ಸೂ ಹೋಯಿತು. ಧೂಳು ಕೂತ ಮೇಲೂ ಅವಳು ಬಿಸಿಲಿನಲ್ಲೇ ನಿಂತಿದ್ದಳು. ಬೆರಳುಗಳು ಒತ್ತಿದ್ದ ಕಡೆ ಮುಂಗೈಯ ಚರ್ಮ ಇನ್ನೂ ಬಿಳಿಚಿಕೊಂಡಿತ್ತು. ರಕ್ತ ಮೆಲ್ಲಗೆ ಅಲ್ಲಿಗೆ ಮರಳುವುದನ್ನು ನೋಡಿದಳು. ಆಮೇಲೆ ರಸ್ತೆ ದಾಟಿದಳು.